ಕಂಪ್ಯೂಟರ್ ಬಿಡಿಸಿದ ಹೃದಯದಲ್ಲಿ ತಪ್ಪಾಗುವುದೇ ಇಲ್ಲವೇ?

ಪ್ರಶ್ನೆ: ಎಂಆರ್‌ಐ ಆದ ಮೇಲೆ ಹೃದಯದ ಬಣ್ಣದ ಆಕೃತಿಯನ್ನು ಕಂಪ್ಯೂಟರೇ ರಚಿಸಿತೆಂದರು. ಹಾಗಿದ್ದ ಮೇಲೆ ಇಜೆಕ್ಷನ್ ಫ್ರ್ಯಾಕ್ಷನ್ (ಹೃದಯದ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು) ಖಚಿತವೇ ಅಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತದೆ. ಖಚಿತವಲ್ಲ. ಪರದೆಯ ಮೇಲೆ ತಿರುಗುವ ಆ ಆಕೃತಿ ನಿಮ್ಮ ಹೃದಯದ ಫೋಟೊ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಎಂಆರ್‌ಐ ಎಡ ಹೃತ್ಕುಕ್ಷಿಯನ್ನು, ಅಂದರೆ ಹೃದಯದ ಕೆಳಗಿನ ಎಡ ಕೋಣೆಯನ್ನು, ಸೌತೆಕಾಯಿಯ ಬಿಲ್ಲೆಗಳಂತೆ ಅಡ್ಡಡ್ಡಲಾಗಿ ಚಿತ್ರಿಸುತ್ತದೆ. ಒಂದೊಂದು ಬಿಲ್ಲೆಯ ದಪ್ಪ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಬಿಲ್ಲೆಗಳ ನಡುವೆ ಗೋಡೆ ಹೇಗೆ ಬಾಗಿದೆ ಎಂಬುದನ್ನು ಯಂತ್ರ ಕಂಡಿರುವುದಿಲ್ಲ, ಊಹಿಸಿರುತ್ತದೆ. 1990ರ ದಶಕದಲ್ಲಿ ಮ್ಯಾಂಚೆಸ್ಟರ್‌ನ ಟಿಮ್ ಕೂಟ್ಸ್ ಮತ್ತು ಕ್ರಿಸ್ ಟೇಲರ್ ರೂಪಿಸಿದ ವಿಧಾನವು, ಮನುಷ್ಯರು ಗುರುತಿಸಿಕೊಟ್ಟ ಹಲವು ಉದಾಹರಣೆಗಳಿಂದ ಒಂದು ಸರಾಸರಿ ಆಕಾರವನ್ನೂ ಅದು ಎಷ್ಟರ ಮಟ್ಟಿಗೆ ಬದಲಾಗಬಹುದೆಂಬುದನ್ನೂ ಕಲಿತು, ಹೊಸ ಚಿತ್ರಕ್ಕೆ ಅದನ್ನೇ ಹೊಂದಿಸುತ್ತದೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನಿಂದ ಬಂದ ಯು-ನೆಟ್ ಎಂಬ ಎಐ ಮಾದರಿ ಪ್ರತಿ ಪಿಕ್ಸೆಲ್‌ಗೂ ಅದು ಯಾವ ಭಾಗದ್ದೆಂಬ ತೀರ್ಪು ಕೊಡುತ್ತದೆ ನಿಜ, ಆದರೆ ಅದು ಕಲಿಯುವುದೂ ಮನುಷ್ಯರು ಕೈಯಿಂದ ಎಳೆದ ಗೆರೆಗಳನ್ನು ನೋಡಿಯೇ.

ಎಡವಟ್ಟಾಗುವುದು ಹೆಚ್ಚಾಗಿ ಹೃತ್ಕುಕ್ಷಿಯ ಬುಡದಲ್ಲಿ, ಅದನ್ನು ಮೇಲಿನ ಕೋಣೆಯಾದ ಹೃತ್ಕರ್ಣದಿಂದ ಬೇರ್ಪಡಿಸುವ ಮೈಟ್ರಲ್ ಕವಾಟದ ಬಳಿ. ಹೃದಯ ಕುಗ್ಗುವಾಗ ಈ ಬುಡವು ತುದಿಯ ಕಡೆಗೆ ಒಂದು ಸೆಂ.ಮೀ.ಗೂ ಹೆಚ್ಚು ಸರಿಯುವುದರಿಂದ, ಹಿಗ್ಗಿದಾಗ ಹೃತ್ಕುಕ್ಷಿ ಕಂಡಿದ್ದ ಬಿಲ್ಲೆಯಲ್ಲಿ ಕುಗ್ಗಿದಾಗ ಹೃತ್ಕರ್ಣ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ಹಿಗ್ಗಿದಾಗ 150 ಮಿ.ಲೀ., ಕುಗ್ಗಿದಾಗ 60 ಮಿ.ಲೀ. ಇದ್ದರೆ ಇಜೆಕ್ಷನ್ ಫ್ರ್ಯಾಕ್ಷನ್ ಶೇ. 60. ಮೂರೂವರೆ ಸೆಂ.ಮೀ. ವ್ಯಾಸದ, 8 ಮಿ.ಮೀ. ದಪ್ಪದ ಒಂದೇ ಒಂದು ಬಿಲ್ಲೆ ಕುಗ್ಗಿದ ಕೋಣೆಯ ಲೆಕ್ಕಕ್ಕೆ ತಪ್ಪಾಗಿ ಸೇರಿದರೆ ಸುಮಾರು 8 ಮಿ.ಲೀ. ಹೆಚ್ಚಾಗಿ, ಅದು ಶೇ. 55ರ ಆಸುಪಾಸಿಗೆ ಇಳಿಯುತ್ತದೆ. ಹೃದಯಕ್ಕೆ ಏನೂ ಆಗಿರುವುದಿಲ್ಲ! ಒಳಗೆ ಚಾಚಿರುವ ಪ್ಯಾಪಿಲರಿ ಸ್ನಾಯುಗಳನ್ನು ಗೋಡೆಗೆ ಸೇರಿಸಬೇಕೋ ರಕ್ತದ ಜಾಗಕ್ಕೋ ಎಂಬುದರಲ್ಲೂ ಎರಡು ಪದ್ಧತಿಗಳಿವೆ. ಯಂತ್ರಕ್ಕೆ ಕಲಿಸಿದವರ ಪದ್ಧತಿಯೇ ಯಂತ್ರದ್ದು.

ಹಾಗೆಂದು ಕೈಗೆರೆಯೇ ಮೇಲೆಂದು ಹೇಳುತ್ತಿಲ್ಲ. ಇಬ್ಬರು ತಜ್ಞರು ಎಳೆದ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ, ಆದರೆ ಅದೇ ಚಿತ್ರವನ್ನು ಅದೇ ತಂತ್ರಾಂಶಕ್ಕೆ ಮತ್ತೆ ಕೊಟ್ಟರೆ ಸಾಮಾನ್ಯವಾಗಿ ಅದೇ ಸಂಖ್ಯೆ ಬರುತ್ತದೆ. ಇದು ಸ್ಥಿರತೆ, ಸತ್ಯಕ್ಕೆ ಪ್ರಮಾಣಪತ್ರವಲ್ಲ.

ಬಲ ಹೃತ್ಕುಕ್ಷಿಯ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಎಡಗಡೆಯದನ್ನು ಅರ್ಧಚಂದ್ರಾಕಾರದಲ್ಲಿ ಅಪ್ಪಿಕೊಂಡಿರುವ, ತೆಳು ಗೋಡೆಯ, ಒಳಗೆಲ್ಲ ಸ್ನಾಯುವಿನ ಎಳೆಗಳಿರುವ ಈ ಕೋಣೆಗೆ ಸರಳ ಜ್ಯಾಮಿತಿ ಒಗ್ಗುವುದಿಲ್ಲ. ಫಾಲೋ ಟೆಟ್ರಾಲಜಿ ಎಂಬ ಹುಟ್ಟಿನಿಂದ ಬರುವ ಹೃದಯದೋಷಕ್ಕೆ ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿರುವ ಪಲ್ಮನರಿ ಕವಾಟವನ್ನು ಯಾವಾಗ ಬದಲಿಸಬೇಕೆಂಬ ನಿರ್ಧಾರಕ್ಕೆ ಇದರ ಗಾತ್ರವೇ ಮುಖ್ಯ ಆಧಾರಗಳಲ್ಲೊಂದು. ಸಾಮಾನ್ಯ ಹೃದಯಗಳಿಂದಷ್ಟೇ ಕಲಿತ ಮಾದರಿ ಇಲ್ಲಿ ಎಡವುವ ಸಾಧ್ಯತೆ ಹೆಚ್ಚು. ಆದ್ದರಿಂದ ಅದು ಎಳೆದ ಗೆರೆಗಳನ್ನು ತಜ್ಞರು ಬಿಲ್ಲೆ ಬಿಲ್ಲೆಯಾಗಿ ಪರಿಶೀಲಿಸಿ ತಿದ್ದಬೇಕಾಗುತ್ತದೆ.