ಕಚೇರಿ ಫಿಟ್‌ಔಟ್: ಮಾಡಿಸುವವರು ಯಾರು, ತೆಗೆಸುವವರು ಯಾರು?

ಖಾಲಿ ಕಟ್ಟಡದ ಒಳಗನ್ನು ಕಚೇರಿ ಕೆಲಸಕ್ಕೆ ಸಜ್ಜುಗೊಳಿಸುವುದೇ ಫಿಟ್‌ಔಟ್. ಕಚೇರಿ ಜಾಗ ಯಾವ ಹಂತದವರೆಗೆ ಸಿದ್ಧವಾಗಿದೆ ಎಂದು ಹೇಳಲು ಬ್ರಿಟನ್ನಿನ ಬಾಡಿಗೆ ಮಾರುಕಟ್ಟೆಯಲ್ಲಿ ಬಳಸುವ ಹೆಸರುಗಳನ್ನು ಮೊದಲು ತಿಳಿದುಕೊಳ್ಳೋಣ. ಶೆಲ್ ಆಂಡ್ ಕೋರ್ ಎಂದರೆ ಹೊರಗೋಡೆ, ಮೆಟ್ಟಿಲು, ಲಿಫ್ಟ್, ಸಾಮಾನ್ಯ ಶೌಚಾಲಯ, ಮುಖ್ಯ ವಿದ್ಯುತ್ ಸಂಪರ್ಕ ಎಲ್ಲವೂ ಮುಗಿದಿರುತ್ತವೆ, ಬಾಡಿಗೆಯ ಮಹಡಿಯಲ್ಲಿ ಮಾತ್ರ ಬರಿಯ ಕಾಂಕ್ರೀಟು. ಇದಕ್ಕೆ ಎತ್ತರಿಸಿದ ನೆಲ, ಫಾಲ್ಸ್ ಸೀಲಿಂಗ್, ದೀಪ, ಹವಾನಿಯಂತ್ರಣ, ಬೆಂಕಿ ಎಚ್ಚರಿಕೆ ವ್ಯವಸ್ಥೆ ಸೇರಿದರೆ ಕ್ಯಾಟ್ ಎ, ಅಂದರೆ ಕೆಟಗರಿ ಎ. ಕೊಠಡಿ, ಪೀಠೋಪಕರಣ, ನೆಟ್‌ವರ್ಕ್ ಕೇಬಲ್, ಪ್ಯಾಂಟ್ರಿ ಇವೆಲ್ಲ ಕ್ಯಾಟ್ ಬಿ. ಇವನ್ನೂ ಮಾಲೀಕರೇ ಮಾಡಿಸಿ, ಬಂದು ಕುಳಿತರಾಯಿತು ಎನ್ನುವಂತೆ ಕೊಟ್ಟರೆ ಕ್ಯಾಟ್ ಎ ಪ್ಲಸ್. ಈ ಹೆಸರುಗಳಿಗೆ ಕಾನೂನಿನ ವ್ಯಾಖ್ಯಾನವಿಲ್ಲ. ಒಬ್ಬ ಮಾಲೀಕರ ಕ್ಯಾಟ್ ಎಯಲ್ಲಿ ಇರುವ ಕಾರ್ಪೆಟ್ ಇನ್ನೊಬ್ಬರದರಲ್ಲಿ ಇರದಿರಬಹುದು. ಕರಾರಿಗೆ ಹೆಸರು ಸಾಲದು, ವಸ್ತುಗಳ ಪಟ್ಟಿಯೇ ಬೇಕು.

ನನಗೆ ತಕರಾರಿರುವುದು ಕ್ಯಾಟ್ ಎ ಬಗ್ಗೆ. ಜಾಗ ತೋರಿಸುವಾಗ ಅದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಬಾಡಿಗೆದಾರರು ಒಂದು ಸಭಾಕೊಠಡಿ ಕಟ್ಟಲು ಹೊರಟರೆ ಏನಾಗುತ್ತದೆ ನೋಡಿ. ಗಾಜಿನ ಗೋಡೆ ಎದ್ದ ಕೂಡಲೇ ಒಳಗಿನವರಿಗೆ ಹೊಸ ಗಾಳಿ ಸಾಕಾಗುವುದಿಲ್ಲ. ಹೊಸ ಗಾಳಿಕೊಳವೆ ಬೇಕು, ಒಳಗಿನ ಗಾಳಿ ವಾಪಸಾಗಲು ದಾರಿಯೂ ಬೇಕು. ಬೆಂಕಿ ಆರಿಸಲು ಸೀಲಿಂಗ್‌ನಿಂದ ಚಿಮ್ಮುವ ಸ್ಪ್ರಿಂಕ್ಲರ್‌ನ ನೀರಿಗೆ ಗೋಡೆ ಅಡ್ಡವಾಗಬಾರದು, ಕೊಠಡಿಯೊಳಗೆ ಪ್ರತ್ಯೇಕ ಹೊಗೆ ಸಂವೇದಕ ಬೇಕಾಗುತ್ತದೆ. ಇಷ್ಟಕ್ಕಾಗಿ ಹೊಚ್ಚಹೊಸ ಸೀಲಿಂಗ್ ಬಿಚ್ಚಬೇಕು, ದೀಪಗಳ ಜಾಗ ಬದಲಿಸಬೇಕು. ಯಾರೂ ಬಳಸದ ಸಾಮಗ್ರಿ ನೇರವಾಗಿ ಕಸಕ್ಕೆ ಹೋಗುತ್ತದೆ. ಬಾಡಿಗೆದಾರರು ಮೊದಲೇ ಗೊತ್ತಾಗಿದ್ದರೆ ಎರಡೂ ಹಂತಗಳನ್ನು ಒಂದೇ ನಕ್ಷೆಯಲ್ಲಿ ಸೇರಿಸಿ ಕೆಲಸ ಮಾಡಿಸುವುದೇ ಸರಿ. ದೊಡ್ಡ ಸಂಸ್ಥೆಗಳು ಶೆಲ್ ಸ್ಥಿತಿಯ ಜಾಗವನ್ನೇ ಕೇಳಿ ಪಡೆಯುವುದಕ್ಕೆ ಇದೂ ಒಂದು ಕಾರಣ.

ಇನ್ನು ಹಣ. ಮಾಲೀಕರು ಸಹಾಯಧನ ಕೊಡಬಹುದು, ಕೆಲವು ತಿಂಗಳ ಬಾಡಿಗೆ ಬಿಡಬಹುದು, ಇಲ್ಲವೇ ತಾವೇ ಕೆಲಸ ಮಾಡಿಸಿ ಬಾಡಿಗೆಯಲ್ಲಿ ವಸೂಲು ಮಾಡಬಹುದು. ಮೂರನೆಯದು ಒಂದು ಬಗೆಯ ಸಾಲವೇ. ಮಾಲೀಕರ ವೆಚ್ಚ 60 ಪಾಲು, ಕರಾರು 60 ತಿಂಗಳು ಎಂದುಕೊಳ್ಳಿ. ಬಡ್ಡಿ ಬಿಟ್ಟರೂ ತಿಂಗಳಿಗೆ ಒಂದು ಪಾಲು ಬಾಡಿಗೆಯ ಮೇಲೆ ಬೀಳುತ್ತದೆ. 36ನೇ ತಿಂಗಳಿಗೆ ಬಾಡಿಗೆದಾರರು ಹೊರಟರೆ ಉಳಿದ 24 ಪಾಲು ಯಾರ ತಲೆಗೆ? ಕರಾರು ಇದಕ್ಕೆ ಉತ್ತರ ಹೇಳಬೇಕು. ಎರಡು ಮೂರು ವರ್ಷವಷ್ಟೇ ಇರುವ ಸಣ್ಣ ತಂಡ ತಾನೇ ಹಣ ಹಾಕಿ ಮಾಡಿಸಿದರೆ ಅದರ ಪೂರ್ತಿ ಉಪಯೋಗ ಸಿಗುವ ಮೊದಲೇ ಹೊರಡಬೇಕಾಗುತ್ತದೆ; ಬಾಡಿಗೆ ಹೆಚ್ಚಾದರೂ ಅಂಥವರಿಗೆ ಕ್ಯಾಟ್ ಎ ಪ್ಲಸ್ ಹಗುರವಾಗುವುದು ಇದೇ ಕಾರಣಕ್ಕೆ.

ಹೆಚ್ಚಿನವರು ಕೊನೆಯಲ್ಲಿ ಓದುವ, ಆದರೆ ಮೊದಲೇ ಓದಬೇಕಾದ ಷರತ್ತು ಇನ್ನೊಂದಿದೆ: ಖಾಲಿ ಮಾಡುವಾಗ ಜಾಗವನ್ನು ಮೊದಲಿನ ಸ್ಥಿತಿಗೆ ತರುವುದು. ತಾವು ಕಟ್ಟಿದ್ದನ್ನು ಕೆಡವುವ ಖರ್ಚೂ ಬಾಡಿಗೆದಾರರ ಮೇಲೆಯೇ ಬರಬಹುದು. ಆದ್ದರಿಂದ ಬದಲಾವಣೆಗೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವಾಗಲೇ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಟ್ಟುಹೋಗಬಹುದು ಎಂದು ಬರೆಸಿಕೊಳ್ಳಬೇಕು. ಕೀಲಿ ಪಡೆದ ದಿನದ ಸ್ಥಿತಿಯನ್ನು ದಿನಾಂಕವಿರುವ ಚಿತ್ರಗಳೊಂದಿಗೆ ಕರಾರಿಗೆ ಲಗತ್ತಿಸಿ, ಇಬ್ಬರೂ ಸಹಿ ಹಾಕಬೇಕು.