ಮಲ್ಯನ ಮೇಲಿನ ಸಿಟ್ಟಿಗೆ ಮಾವನ ಮನೆ ಕಳ್ಕೋಬೇಡಿ

ಹೋದ ವಾರ ಒಬ್ರು ಬಂದಿದ್ರು, ದಾವಣಗೆರೆಯಲ್ಲೇ ಫ್ಲೆಕ್ಸ್ ಪ್ರಿಂಟಿಂಗ್ ಇಟ್ಕೊಂಡಿರೋರು, ನಲವತ್ತರ ಆಸುಪಾಸು. ಕೂತ ತಕ್ಷಣ ನನ್ನ ಮುಂದೆ ಇಟ್ಟಿದ್ದು ಬ್ಯಾಂಕಿನ ಕಾಗದ ಅಲ್ಲ, ಮೊಬೈಲು. ವಾಟ್ಸಾಪಲ್ಲಿ ಬಂದಿದ್ದ ಮೆಸೇಜು, ಹತ್ತು ವರ್ಷದಲ್ಲಿ ಶ್ರೀಮಂತರ 16 ಲಕ್ಷ ಕೋಟಿ ಸಾಲ ಮನ್ನಾ ಅಂತ. "ಓದಿ ಸಾರ್ ಇದನ್ನ. ಅವರಿಗೆ ಲಕ್ಷ ಕೋಟಿ ಬಿಡ್ತಾರೆ, ನನ್ನ ಹದಿನಾಲ್ಕು ಲಕ್ಷಕ್ಕೆ ಮನೆ ಹರಾಜಿಗಿಡ್ತೀವಿ ಅಂತಾರೆ. ನಾನ್ಯಾಕೆ ಕಟ್ಲಿ?" ಅಂದ್ರು. ಏಳು ತಿಂಗಳಿಂದ ಒಂದು ಕಂತೂ ಕಟ್ಟಿಲ್ಲ. ದುಡ್ಡು ಪೂರ್ತಿ ಇಲ್ಲ ಅಂತಲ್ಲ, ಎರಡು ತಿಂಗಳು ಕಷ್ಟ ಆಗಿತ್ತಂತೆ, ಆಮೇಲೆ ಕೆಲಸ ಬಂದ್ರೂ ಸಿಟ್ಟಿಗೆ ಕಟ್ಟಿಲ್ಲ.

ನೋಟೀಸ್ ಬಂದಿದ್ಯಾ ಅಂತ ಕೇಳಿದೆ. ಶರ್ಟಿನ ಜೇಬಿಂದ ನಾಲ್ಕು ಮಡಿಕೆ ಮಾಡಿದ್ದ ರಿಜಿಸ್ಟರ್ಡ್ ಕವರ್ ತೆಗೆದ್ರು. ಒಡೆದೇ ಇಲ್ಲ. ನಾನೇ ಒಡೆದು ನೋಡಿದೆ, ಸರ್ಫೇಸಿ ಕಾಯ್ದೆ (ಕೋರ್ಟಿಗೆ ಹೋಗದೇ ಅಡ ಇಟ್ಟ ಆಸ್ತಿ ಮಾರಿ ಬ್ಯಾಂಕು ಸಾಲ ವಸೂಲಿ ಮಾಡೋ ಕಾಯ್ದೆ) 13(2) ನೋಟೀಸು, ಕವರ್ ಕೈಗೆ ಬಂದು ಆಗಲೇ 41 ದಿನ. ಬಾಕಿ ಕಟ್ಟೋಕೆ ಈ ನೋಟೀಸಲ್ಲಿ ಇರೋದೇ 60 ದಿನ. ಮನೆ ಯಾರ ಹೆಸರಲ್ಲಿದೆ ಅಂದ್ರೆ ಸುಮ್ಮನಾದ್ರು. ಅವರ ಸೋದರಮಾವಂದು. ಮಾವ ಜಾಮೀನು ಹಾಕಿ, ತನ್ನ ಮನೆ ಪತ್ರ ಅಡ ಇಟ್ಟು, ಅಳಿಯನಿಗೆ ಮಷೀನ್ ಕೊಡಿಸಿದ್ದಾರೆ. ಇದು ಮಾವನಿಗೆ ಗೊತ್ತಾ ಅಂದೆ. ಗೊತ್ತಿಲ್ಲ ಅಂದ್ರು.

ನಾನು ಮೂವತ್ತೆರಡು ವರ್ಷ ಬ್ಯಾಂಕಲ್ಲಿದ್ದೋನು, ಕೊನೆಯ ಒಂಬತ್ತು ವರ್ಷ ಪೂರ್ತಿ ಸಾಲ ವಸೂಲಿ ವಿಭಾಗ. ಈಗ ಸಣ್ಣ ಸಾಲಗಾರರಿಗೆ ನೋಟೀಸಿಗೆ ಉತ್ತರ ಬರೆಯೋದು, ಬ್ರಾಂಚ್ ಜೊತೆ ಮಾತಾಡೋದು ಮಾಡ್ತೀನಿ. ತಿಂಗಳಿಗೆ ಮೂರ್ನಾಲ್ಕು ಜನ ಆದ್ರೂ ಇದೇ ಮಾತು ಹಿಡ್ಕೊಂಡು ಬರ್ತಾರೆ. ಒಳ್ಳೆ ಜನ, ದುಡಿಯೋ ಜನ, ಆದ್ರೆ ಈ ಒಂದು ವಿಷಯದಲ್ಲಿ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ, ನನಗೂ ತಾಳ್ಮೆ ತಪ್ಪುತ್ತೆ. ಅದಕ್ಕೇ ಕೂತು ಬರೀತಿದ್ದೀನಿ.

ಆ ಮೆಸೇಜು ಮನ್ನಾ ಅಂತಿರೋದು ಬ್ಯಾಂಕಿನ ಭಾಷೆಯಲ್ಲಿ ರೈಟ್ ಆಫ್. ರೈಟ್ ಆಫ್ ಬೇರೆ, ಮನ್ನಾ ಬೇರೆ.

ಕಿರಾಣಿ ಅಂಗಡಿ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಅಂಗಡಿಯವರಿಗೆ ಹೊರಗಡೆ ಎರಡು ಲಕ್ಷ ಉದ್ರಿ ಇದೆ, ಅದನ್ನ ತನ್ನ ಆಸ್ತಿ ಅಂತಾನೇ ಲೆಕ್ಕ ಹಿಡೀತಾರೆ. ಅದರಲ್ಲಿ ಒಬ್ಬ ಇಪ್ಪತ್ತು ಸಾವಿರ ಬಾಕಿ ಇಟ್ಟು ನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ದೀಪಾವಳಿಗೆ ಲೆಕ್ಕ ಹಾಕೋವಾಗ ಅಂಗಡಿಯವರು ಏನ್ಮಾಡ್ತಾರೆ, ಈ ಇಪ್ಪತ್ತು ಸಾವಿರ ಬರುತ್ತೆ ಅಂತ ನಂಬ್ಕೊಂಡು ಲಾಭ ತೋರಿಸಿದ್ರೆ ನನಗೆ ನಾನೇ ಸುಳ್ಳು ಹೇಳ್ಕೊಂಡಂಗೆ ಅಂತ ಆ ಹೆಸರನ್ನ ಈ ಪುಸ್ತಕದಿಂದ ತೆಗೆದು ಇನ್ನೊಂದು ಪುಸ್ತಕಕ್ಕೆ ಬರ್ಕೊಳ್ತಾರೆ, ಆ ವರ್ಷದ ಲಾಭದಲ್ಲಿ ಇಪ್ಪತ್ತು ಸಾವಿರ ಕಡಿಮೆ ಮಾಡ್ಕೊಳ್ತಾರೆ. ಹಾಗಂತ ಆ ಮನುಷ್ಯ ಬಸ್ ಸ್ಟ್ಯಾಂಡಲ್ಲಿ ಸಿಕ್ರೆ ಕೇಳದೆ ಬಿಡ್ತಾರಾ? ಕಾಲರ್ ಹಿಡಿದು ಕೇಳ್ತಾರೆ. ಪುಸ್ತಕ ಬದಲಾಗಿದೆ, ಬಾಕಿ ಬದಲಾಗಿಲ್ಲ.

ಬ್ಯಾಂಕಲ್ಲೂ ಇಷ್ಟೇ. 90 ದಿನ ಕಂತು ಬರದಿದ್ರೆ ಅದು ಕೆಟ್ಟ ಸಾಲ, ಅಂದ್ರೆ ಎನ್‌ಪಿಎ. ಅಲ್ಲಿಂದ ಬ್ಯಾಂಕು ತನ್ನ ಲಾಭದಿಂದ ಅದಕ್ಕೆ ದುಡ್ಡು ಎತ್ತಿಡಬೇಕು, ಅಡಮಾನ ಇದ್ದ ಸಾಲಕ್ಕೆ ಮೊದಲು 15%, ವರ್ಷ ಕಳೆದಂಗೆ ಜಾಸ್ತಿ, ಸುಮಾರು ನಾಲ್ಕು ವರ್ಷಕ್ಕೆ ಪೂರ್ತಿ ನೂರಕ್ಕೆ ನೂರು. ಪೂರ್ತಿ ಎತ್ತಿಟ್ಟಾದ್ಮೇಲೆ ಬ್ಯಾಲೆನ್ಸ್ ಶೀಟಿಂದ ತೆಗೀತಾರೆ, ಅದೇ ರೈಟ್ ಆಫ್. ಕೆಲವು ಬ್ಯಾಂಕಲ್ಲಿ ಇಂಥ ಸಾಲಕ್ಕೆ ಎಯುಸಿಎ ಅಂತ ಬೇರೆ ಅಕೌಂಟೇ ಇರುತ್ತೆ, ಅಡ್ವಾನ್ಸಸ್ ಅಂಡರ್ ಕಲೆಕ್ಷನ್. ಹೆಸರಲ್ಲೇ ಇದೆ ನೋಡಿ, ಇನ್ನೂ ವಸೂಲಿ ಮಾಡ್ತಿರೋ ಸಾಲ. ಆ ಪುಸ್ತಕದ ಕೆಲಸವೇ ಒಂಬತ್ತು ವರ್ಷ ನಂದಾಗಿತ್ತು. ಅದರಲ್ಲಿ ಕೋಟಿ ಸಾಲದವರೂ ಇದ್ರು, ಟೆಂಪೋಗೆ ಮೂರು ಲಕ್ಷ ತಗೊಂಡೋರೂ ಇದ್ರು. ಅಂದ್ರೆ ನಿಮ್ಮ ಹದಿನಾಲ್ಕು ಲಕ್ಷವೂ ಒಂದಿನ ರೈಟ್ ಆಫ್ ಆಗುತ್ತೆ, ಆಗ್ಲೂ ನೋಟೀಸ್ ಬರುತ್ತೆ, ಹರಾಜು ನಡೆಯುತ್ತೆ, ಸಾಲದ ಚರಿತ್ರೆ ಇಡೋ ಸಿಬಿಲ್‌ನಲ್ಲಿ ಅದೇ ಪದ ಕೂತಿರುತ್ತೆ.

ಮನ್ನಾ ಅಂದ್ರೆ 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬೆಳೆಸಾಲಕ್ಕೆ ಮಾಡಿದ್ದು, ಅದಕ್ಕೂ ಮುಂಚೆ 2017ರಲ್ಲಿ ಸಿದ್ದರಾಮಯ್ಯ ಸಹಕಾರ ಸಂಘದ ಸಾಲದಲ್ಲಿ 50 ಸಾವಿರದವರೆಗೆ ಮಾಡಿದ್ದು. ಅಲ್ಲಿ ಸಾಲಗಾರನ ಪರವಾಗಿ ಸರ್ಕಾರ ಖಜಾನೆಯಿಂದ ದುಡ್ಡು ಕೊಡುತ್ತೆ, ಅಷ್ಟರ ಮಟ್ಟಿಗೆ ರೈತನ ಬಾಕಿ ತೀರುತ್ತೆ. ಪೂರ್ತಿ ತೀರಿದ್ರೆ ಪಹಣಿ ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ತೆಗೆಸಬಹುದು. ರೈಟ್ ಆಫ್ ಆದೋರ ಪಹಣಿ ನೋಡಿ, ಬ್ಯಾಂಕಿನ ಹೆಸರು ಅಲ್ಲೇ ಇರುತ್ತೆ.

ಈ ಗೊಂದಲ ಜನರ ಬಾಯಲ್ಲಿ ಗಟ್ಟಿಯಾಗಿದ್ದು ನನಗೆ ಚೆನ್ನಾಗಿ ನೆನಪಿದೆ, 2016ರ ನವೆಂಬರ್. ನೋಟ್ ಬ್ಯಾನ್ ಆಗಿ ಒಂದು ವಾರ. ವಸೂಲಿಯಲ್ಲಿದ್ದ ನಮ್ಮನ್ನೂ ಕೌಂಟರಿಗೆ ಕೂರಿಸಿದ್ರು, ನೋಟು ಬದಲಾಯಿಸೋಕೆ ಬಂದೋರ ಬೆರಳಿಗೆ ಚುನಾವಣೆ ಥರ ಶಾಯಿ ಹಾಕೋಕೆ ಶುರು ಮಾಡಿದ ದಿನಗಳು. ಅದೇ ಹೊತ್ತಿಗೆ ಸುದ್ದಿ ಬಂತು, ಸ್ಟೇಟ್ ಬ್ಯಾಂಕು ದೊಡ್ಡ ಸುಸ್ತಿದಾರರ 7,016 ಕೋಟಿ ಕೈಬಿಟ್ಟಿದೆ, ಅದರಲ್ಲಿ ಮಲ್ಯನ ವಿಮಾನ ಕಂಪನಿ ಕಿಂಗ್‌ಫಿಶರ್‌ದೇ 1,201 ಕೋಟಿ ಅಂತ. ಬೆಳಿಗ್ಗೆ ಆರಕ್ಕೇ ಬಂದು ನಿಂತಿದ್ದ ಒಬ್ಬ ಅಜ್ಜಿ ಕೌಂಟರ್ ಹತ್ರ ಬಂದು, "ಆ ಬೀರ್ ಸಾಹುಕಾರಂದು ಬಿಟ್ರಂತಲ್ಲಪ್ಪ, ನನ್ನ ನಾಕು ಸಾವಿರಕ್ಕೆ ಮಸಿ ಹಚ್ತೀಯಾ?" ಅಂತ ಕೈ ಮುಂದೆ ಇಟ್ರು. ಅವತ್ತು ಬ್ಯಾಂಕಿಂಗ್ ಕಾನೂನು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆ ಅಜ್ಜಿ ಸಿಟ್ಟು ಸರಿ ಇತ್ತು. ರೈಟ್ ಆಫ್ ಅಂದ್ರೆ ಮನ್ನಾ ಅಲ್ಲ ಅಂತ ಆವಾಗಿನ ಹಣಕಾಸು ಮಂತ್ರಿ ಜೇಟ್ಲಿ ರಾಜ್ಯಸಭೆಯಲ್ಲೇ ಹೇಳಿದ್ರು, ಬೆರಳಿಗೆ ಶಾಯಿ ಹಚ್ಚಿಸ್ಕೊಂಡೋರು ಅದನ್ನ ಕೇಳೋ ಸ್ಥಿತಿಯಲ್ಲಿ ಇರಲಿಲ್ಲ.

ಆಮೇಲೇನಾಯ್ತು ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಮಲ್ಯ 2016ರ ಮಾರ್ಚ್ 2ಕ್ಕೇ ದೇಶ ಬಿಟ್ಟಾಗಿತ್ತು. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ ಡಿಆರ್‌ಟಿ 6,203 ಕೋಟಿ, ಅದರ ಮೇಲೆ ವರ್ಷಕ್ಕೆ 11.5% ಬಡ್ಡಿ ವಸೂಲಿ ಮಾಡ್ಕೊಳ್ಳಿ ಅಂತ ಆದೇಶ ಕೊಡ್ತು. 2021ರ ಜೂನ್‌ನಲ್ಲಿ ಯುನೈಟೆಡ್ ಬ್ರೂವರೀಸ್ ಶೇರು ಮಾರಿ ಒಂದೇ ಏಟಿಗೆ 5,800 ಕೋಟಿ ಚಿಲ್ಲರೆ ಬಂತು. 2024ರ ಡಿಸೆಂಬರಲ್ಲಿ ಹಣಕಾಸು ಮಂತ್ರಿ ಲೋಕಸಭೆಗೆ ಹೇಳಿದ ಲೆಕ್ಕ, ಮಲ್ಯನ ಆಸ್ತಿಯಿಂದ ಬ್ಯಾಂಕುಗಳಿಗೆ ವಾಪಸ್ ಬಂದಿದ್ದು 14,131 ಕೋಟಿ. ಕೊಡಬೇಕಿದ್ದಕ್ಕಿಂತ ಹೆಚ್ಚಾಯ್ತು ಅಂತ ಮಲ್ಯ, ಬಡ್ಡಿ ಇನ್ನೂ ಇದೆ ಅಂತ ಬ್ಯಾಂಕುಗಳು, ಆ ಜಗಳಕ್ಕೆ ನಾನು ಹೋಗಲ್ಲ. ಮನ್ನಾ ಆಗಿದ್ರೆ ಈ ದುಡ್ಡು ಹೇಗೆ ಬರ್ತಿತ್ತು ಹೇಳಿ.

ಇಷ್ಟು ಹೇಳಿದ್ರೆ ಕೆಲವರು ನನ್ನನ್ನ ದೊಡ್ಡೋರ ವಕೀಲ ಅಂತಾರೆ. ಅಲ್ಲ. ನನಗೂ ಸಿಟ್ಟಿದೆ, ಒಳಗಿದ್ದು ನೋಡಿದೋನಿಗೆ ಇನ್ನೂ ಜಾಸ್ತಿ ಇದೆ. ಆ ಮೆಸೇಜಿನ ಅಂಕಿ ಸುಳ್ಳಲ್ಲ, 2014-15ರಿಂದ 2023-24ರವರೆಗೆ ಹತ್ತು ವರ್ಷದಲ್ಲಿ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು ಸುಮಾರು 16.35 ಲಕ್ಷ ಕೋಟಿ, ಸರ್ಕಾರವೇ ಸಂಸತ್ತಿಗೆ ಹೇಳಿದ್ದು. ಅದರಲ್ಲಿ 9.26 ಲಕ್ಷ ಕೋಟಿ ದೊಡ್ಡ ಉದ್ಯಮ, ಸೇವಾ ವಲಯದ್ದು. ತಪ್ಪಿರೋದು ಪೂರ್ತಿ ಶ್ರೀಮಂತರದು ಅನ್ನೋದು, ಆಮೇಲೆ 'ಮನ್ನಾ' ಅನ್ನೋ ಕೊನೆಯ ಪದ. ರೈಟ್ ಆಫ್ ಆಗಿದ್ದು ವಾಪಸ್ ಎಷ್ಟು ಬಂತು ಅಂತ ಕೇಳಿ, ಅಲ್ಲಿದೆ ಸಂಕಟ. 2021-22ಕ್ಕೆ ಮುಗಿದ ಐದು ವರ್ಷದಲ್ಲಿ ರೈಟ್ ಆಫ್ ಆಗಿದ್ದು 10.09 ಲಕ್ಷ ಕೋಟಿ, ಅದೇ ಐದು ವರ್ಷದಲ್ಲಿ ರೈಟ್ ಆಫ್ ಖಾತೆಗಳಿಂದ ಬಂದಿದ್ದು 1.32 ಲಕ್ಷ ಕೋಟಿ. ನೂರಕ್ಕೆ ಹದಿಮೂರು ರೂಪಾಯಿ. ಬಾಕಿ ಗುಂಡಿ ಯಾರು ತುಂಬಿದ್ರು? ಬ್ಯಾಂಕಿನ ಲಾಭ ಹೋಯ್ತು, ಸಾಕಾಗದಿದ್ದಾಗ 2017ರ ಅಕ್ಟೋಬರಲ್ಲಿ ಸರ್ಕಾರ ತನ್ನ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ಬಂಡವಾಳ ತುಂಬೋ ಯೋಜನೆ ಹೇಳ್ತು. ಅದರ ಭಾರ ಕೊನೆಗೆ ನಿಮ್ಮ ನಮ್ಮ ತೆರಿಗೆ ಮೇಲೇ.

ನಿಜವಾಗ್ಲೂ ಸಾಲ ಬಿಟ್ಟುಹೋಗೋ ಜಾಗ ಬೇರೆ ಇದೆ, ಅದಕ್ಕೆ ಹೇರ್‌ಕಟ್ ಅಂತಾರೆ. 2016ರ ದಿವಾಳಿ ಕಾಯ್ದೆಯಲ್ಲಿ ಕಂಪನಿಯನ್ನ ಇನ್ನೊಬ್ಬರಿಗೆ ಮಾರಿದಾಗ ಬಂದಷ್ಟು ಬಂತು, ಕಂಪನಿ ಮಟ್ಟಿಗೆ ಉಳಿದಿದ್ದು ಹೋಯ್ತು. ಭೂಷಣ್ ಸ್ಟೀಲಲ್ಲಿ ಸುಮಾರು 56,000 ಕೋಟಿ ಬಾಕಿಗೆ 35,200 ಕೋಟಿ ಬಂತು, ಅದು ಒಳ್ಳೇ ಕೇಸು. ವಿಡಿಯೊಕಾನ್‌ನಲ್ಲಿ 64,800 ಕೋಟಿಗೂ ಮೀರಿದ ಕ್ಲೇಮಿಗೆ 2,962 ಕೋಟಿ ಪ್ಲಾನ್ 2021ರಲ್ಲಿ ಪಾಸಾಗಿತ್ತು, ಮೇಲ್ಮನವಿಯಲ್ಲಿ 2022ರ ಜನವರಿಗೆ ರದ್ದಾಯ್ತು. ಹಂಗೇ 2023ರ ಜೂನ್ 8ರ ಆರ್‌ಬಿಐ ಸುತ್ತೋಲೆ ತಗೊಳ್ಳಿ, ಬೇಕಂತ ಸಾಲ ಮುಳುಗಿಸಿದೋರ ಜೊತೆಗೂ ಬ್ಯಾಂಕು ರಾಜಿ ಮಾಡ್ಕೋಬಹುದು, ಆಮೇಲೆ ಕನಿಷ್ಠ 12 ತಿಂಗಳು ಹೊಸ ಸಾಲ ಇಲ್ಲ ಅಂತ. ನಮ್ಮ ಯೂನಿಯನ್ನುಗಳು ಬಲವಾಗಿ ವಿರೋಧಿಸಿದ್ವು, ನಾನೂ ಆ ವಿರೋಧದ ಕಡೆಯೋನೇ. ಹನ್ನೆರಡು ತಿಂಗಳು! ಸೆಟಲ್ ಮಾಡ್ಕೊಂಡ ಒಬ್ಬ ಆಟೋ ಡ್ರೈವರ್‌ಗೆ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬಿದ್ದಿದ್ದಕ್ಕೆ ನಾಲ್ಕು ವರ್ಷ ಆದ್ರೂ ಯಾರೂ ಸಾಲ ಕೊಡ್ತಿಲ್ಲ, ಅವರ ಫೈಲು ನನ್ನ ಮೇಜಿನ ಮೇಲೇ ಇದೆ. ಬೀದಿಗಿಳಿಯೋದಾದ್ರೆ ಇದಕ್ಕೆ ಇಳೀರಿ, ಎಂಎಲ್‌ಎ ಎಂಪಿಗಳನ್ನ ಹೇರ್‌ಕಟ್ ಬಗ್ಗೆ ಕೇಳಿ, ಕಂಪನಿ ನಡೆಸ್ತಿದ್ದ ಪ್ರಮೋಟರ್‌ಗಳ ಪರ್ಸನಲ್ ಗ್ಯಾರಂಟಿ ಏನಾಯ್ತು ಅಂತ ಕೇಳಿ. ಕಂಪನಿ ಕೇಸು ಮುಗಿದ್ರೂ ಗ್ಯಾರಂಟಿ ಕೊಟ್ಟ ಪ್ರಮೋಟರ್ ಹೊಣೆ ತಾನಾಗೇ ಮುಗಿಯಲ್ಲ ಅಂತ 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಆದ್ರೂ ಆ ದಾರಿಯಲ್ಲಿ ಬಂದಿರೋ ದುಡ್ಡು ತೀರಾ ಕಡಿಮೆ. ಮನ್ನಾ ಮನ್ನಾ ಅಂತ ಕೂಗಿದಾಗ ಅಲ್ಲ ಅದು ರೈಟ್ ಆಫ್ ಅಂತ ಒಂದೇ ಸಾಲಲ್ಲಿ ಉತ್ತರ ಕೊಟ್ಟು ತಪ್ಪಿಸ್ಕೊಳ್ತಾರೆ, ನಿಜವಾದ ಪ್ರಶ್ನೆ ಕೇಳದೇ ಉಳಿಯುತ್ತೆ.

ಆದ್ರೆ ಸ್ವಾಮಿ, ಕಂತು ನಿಲ್ಲಿಸಿ ಸಿಟ್ಟು ತೀರಿಸ್ಕೋಬೇಡಿ. ನೀವು ಕಟ್ಟದಿದ್ರೆ ಲಂಡನ್‌ನಲ್ಲಿರೋರಿಗೆ ಏನೂ ಆಗಲ್ಲ, ನಿಮ್ಮ ಬೀದಿಯಲ್ಲಿರೋ ಜಾಮೀನುದಾರನಿಗೆ ಆಗುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ. ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ಜಾಮೀನು ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ, ಮೊದಲು ಸಾಲಗಾರನ ಹಿಂದೆ ಹೋಗಿ ಆಮೇಲೆ ನನ್ನ ಹತ್ರ ಬನ್ನಿ ಅಂತ ಹೇಳೋ ಹಾಗಿಲ್ಲ.

ಸರ್ವಿಸಲ್ಲಿದ್ದಾಗ ಒಬ್ಬ ಮೇಷ್ಟ್ರು ತಮ್ಮ ಹಳೇ ಶಿಷ್ಯನ ಟೆಂಪೋ ಸಾಲಕ್ಕೆ ಜಾಮೀನು ಹಾಕಿದ್ರು. ಹುಡುಗ ಊರು ಬಿಟ್ಟ. ಮೇಷ್ಟ್ರ ಎಫ್‌ಡಿ ನಮ್ಮ ಬ್ರಾಂಚಲ್ಲೇ ಇತ್ತು, ಮಗಳ ಮದುವೆಗೆ ಇಟ್ಟಿದ್ದು. ಅದನ್ನ ಸಾಲಕ್ಕೆ ಜಮಾ ಮಾಡ್ಕೊಂಡ್ವಿ, ಕಾಗದಕ್ಕೆ ಸಹಿ ಹಾಕಿದ್ದು ನಾನು. ಬಂದ್ರು, ಎಫ್‌ಡಿ ರಸೀದಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಕೊಂಡಿದ್ರು, ಮೇಜಿನ ಮೇಲಿಟ್ಟು, "ನಾನು ಬರೀ ಸಹಿ ಹಾಕಿದ್ದಲ್ವೇನ್ರಿ?" ಅಂದ್ರು. ಜಗಳ ಆಡಲಿಲ್ಲ. ಕಾನೂನು ಪ್ರಕಾರ ನಾವು ಮಾಡಿದ್ದು ಸರಿ. ಆ ದನಿ ಮಾತ್ರ ಇವತ್ತಿಗೂ ನನ್ನ ಕಿವೀಲಿದೆ.

ಹಾಗಾಗಿ ನೋಟೀಸ್ ಬಂದ್ರೆ ಕವರ್ ಒಡೀರಿ, ಅದೇ ಮೊದಲ ಕೆಲಸ. 13(2)ಕ್ಕೆ ಆಕ್ಷೇಪಣೆ ಬರೆದುಕೊಟ್ರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡ್ಲೇಬೇಕು. ಅಡ ಇಟ್ಟಿರೋದು ಕೃಷಿ ಜಮೀನಾದ್ರೆ ಸರ್ಫೇಸಿ ಅನ್ವಯಿಸಲ್ಲ, ಆದ್ರೆ ಪಹಣಿಯಲ್ಲಿ ಕೃಷಿ ಅಂತಿದ್ರೆ ಸಾಲದು, ನಿಜಕ್ಕೂ ಬೇಸಾಯ ನಡೀತಿದ್ಯಾ ಅಂತ ಕೋರ್ಟು ನೋಡುತ್ತೆ. 90 ದಿನ ಆಗೋಕೆ ಮುಂಚೆ ಹೋಗಿ ಕಷ್ಟ ಇದೆ, ಕಂತು ಕಮ್ಮಿ ಮಾಡಿ ಅವಧಿ ಜಾಸ್ತಿ ಮಾಡಿ ಅಂತ ಬರವಣಿಗೆಯಲ್ಲಿ ಕೇಳಿದೋರಿಗೆ ಮ್ಯಾನೇಜರ್ ಕೈಯಲ್ಲಿ ಏನಾದ್ರೂ ಮಾಡೋ ದಾರಿ ಇರುತ್ತೆ, ಎನ್‌ಪಿಎ ಆದ್ಮೇಲೆ ಅವರ ಕೈಯೂ ಕಟ್ಟಿರುತ್ತೆ. ಇದೆಲ್ಲ ಸಾಮಾನ್ಯವಾಗಿ ಹೇಳಿದ್ದು, ಒಬ್ಬೊಬ್ಬರ ಕಾಗದ ಒಂದೊಂದು ಥರ, ನಿಮ್ಮ ಸಾಲಪತ್ರ ನೋಡದೆ ನಿಮ್ಮ ಕೇಸು ಹೀಗೇ ಆಗುತ್ತೆ ಅಂತ ಯಾರೂ ಹೇಳೋಕಾಗಲ್ಲ, ಹೇಳಿದ್ರೆ ನಂಬಬೇಡಿ.

ಫ್ಲೆಕ್ಸ್‌ನವರ ಮುಂದೇನೇ ಕೂತು ಲೆಕ್ಕ ಹಾಕಿದ್ವಿ. ಈಗ ಕೈಯಲ್ಲಿ ಮೂರು ಕಂತಿಗಾಗುವಷ್ಟು ದುಡ್ಡಿದೆ, ಮುಂದಿನ ತಿಂಗಳು ಒಂದು ಮದುವೆ ಸೀಸನ್ ಆರ್ಡರ್ ಬಾಕಿ ಬರಬೇಕು. ಮೂರು ಕಂತು ಕಟ್ಟಿ ಉಳಿದಿದ್ದಕ್ಕೆ ಟೈಮ್ ಕೇಳೋ ಪತ್ರ ಬರೆದಿದ್ದೀನಿ. ಬ್ಯಾಂಕು ಒಪ್ಪಬಹುದು, ಒಪ್ಪದೇನೂ ಇರಬಹುದು. ಸೋಮವಾರ ಅವರ ಜೊತೆ ನಾನೂ ಬ್ರಾಂಚಿಗೆ ಹೋಗ್ತಿದ್ದೀನಿ. ಅದಕ್ಕೆ ಮುಂಚೆ ಭಾನುವಾರ ಮಾವನ ಮನೆಗೆ ಹೋಗಿ ಆ ನೋಟೀಸು ಅವರ ಕೈಗೆ ಕೊಟ್ಟು, ನೀವೇ ಬಾಯಿಬಿಟ್ಟು ಎಲ್ಲ ಹೇಳಿ, ಸೋಮವಾರ ಅವರನ್ನೂ ಕರ್ಕೊಂಡು ಬನ್ನಿ ಅಂದಿದ್ದೀನಿ.