ಏರಿ ಒಡೆಯುವುದು ಬುಡದಲ್ಲಿ

ನೆರೆ ಬಂದಾಗ ಊರಿನವರ ಕಣ್ಣೆಲ್ಲ ಏರಿಯ ನೆತ್ತಿಯ ಮೇಲೆ. ಕಾವಲಿಗೆ ನಿಂತವರು ನೋಡಬೇಕಾದದ್ದು ಏರಿಯ ಬುಡವನ್ನು, ಅದರಲ್ಲೂ ಊರಿನ ಕಡೆಯ ಬುಡವನ್ನು.

2011ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಕೈರೋದಲ್ಲಿ ಆದದ್ದೂ ಇದೇ. ಈಜಿಪ್ಟಿನ ಕೈರೋ ಅಲ್ಲ. ಒಹಾಯೊ ನದಿ ಮಿಸಿಸಿಪ್ಪಿಯನ್ನು ಕೂಡುವಲ್ಲಿ, ಇಲಿನಾಯ್ ರಾಜ್ಯದ ಮೂಲೆಯಲ್ಲಿರುವ ಪುಟ್ಟ ಊರು. ಅಲ್ಲಿಯ ತಡೆಗೋಡೆ 64 ಅಡಿ ಮಟ್ಟದವರೆಗಿನ ನೆರೆಗೆ ಕಟ್ಟಿದ್ದು. ನೀರು ಇನ್ನೂ ಅಷ್ಟಕ್ಕೆ ಮುಟ್ಟಿರಲಿಲ್ಲ. ಆದರೂ ಗೋಡೆಯ ಒಳಗಡೆ ನೆಲದಿಂದ ನೀರು ಕುದಿಯುವಂತೆ ಉಕ್ಕತೊಡಗಿತು, ಜೊತೆಗೆ ಮರಳನ್ನೂ ತಂದಿತು.

ಇದಕ್ಕೆ ಮರಳು ಬುಗ್ಗೆ ಎನ್ನೋಣ. ಸಮತಟ್ಟು ಬಯಲಿನಲ್ಲಿ ಹರಿಯುವ ದೊಡ್ಡ ನದಿಗಳ ದಂಡೆಯಲ್ಲಿ ಸಾಮಾನ್ಯವಾಗಿ ಮೇಲೆ ಜೇಡಿಮಣ್ಣಿನ ಪದರ, ಕೆಳಗೆ ಮರಳು. ನದಿ ಏರಿದಾಗ ಅದರ ಒತ್ತಡ ಮರಳಿನ ಮೂಲಕ ಏರಿಯ ಅಡಿಯಲ್ಲೇ ದಾಟುತ್ತದೆ. ಒಂದು ಮೀಟರ್ ನೀರು ಎಂದರೆ ಚದರ ಮೀಟರಿಗೆ ಒಂದು ಟನ್ ಭಾರ. ಊರಿನ ಕಡೆ ಜೇಡಿಪದರ ತೆಳುವಾಗಿದ್ದಲ್ಲಿ ಅದನ್ನು ಒಡೆದುಕೊಂಡು ನೀರು ಮೇಲೆ ಬರುತ್ತದೆ. ತಿಳಿನೀರು ಬಂದರೆ ಹೆದರಬೇಕಾಗಿಲ್ಲ, ಕಣ್ಣಿಟ್ಟಿದ್ದರೆ ಸಾಕು. ಕದಡಿದ ನೀರು ಬಂದರೆ ಏರಿಯ ಅಡಿಯ ಮಣ್ಣು ಕಾಳುಕಾಳಾಗಿ ಹೊರಬರುತ್ತಿದೆ ಎಂದರ್ಥ. ಹೀಗೆ ಕೊರೆದ ಬಿಲ ಹಿಂದೆ ಹಿಂದೆ ಸರಿದು ನದಿಯನ್ನು ಮುಟ್ಟಿದರೆ ಏರಿ ಕೂತುಬಿಡುತ್ತದೆ.

ಬುಗ್ಗೆ ಕಂಡವರಿಗೆ ಮೊದಲು ತೋಚುವುದು ಅದರ ಬಾಯಿಗೆ ಮೂಟೆ ಹಾಕಿ ಮುಚ್ಚುವುದು. ಅದನ್ನಂತೂ ಮಾಡಬಾರದು. ಒತ್ತಡ ಎಲ್ಲಿಗೂ ಹೋಗಿರುವುದಿಲ್ಲ, ನಾಲ್ಕು ಹೆಜ್ಜೆ ಆಚೆ ಇನ್ನೊಂದು ಬಾಯಿ ತೆರೆಯುತ್ತದೆ. ಮಾಡಬೇಕಾದದ್ದು ಬಾವಿಗೆ ಕಟ್ಟೆ ಕಟ್ಟಿದಂತೆ ಸುತ್ತಲೂ ಮರಳು ಚೀಲಗಳ ಬಳೆ. ಚೀಲವನ್ನು ಅರ್ಧದಿಂದ ಮೂರನೇ ಎರಡು ಭಾಗದಷ್ಟೇ ತುಂಬಿ. ಬಿಗಿಯಾಗಿ ತುಂಬಿದ ಚೀಲ ಗುಂಡುಕಲ್ಲಿನಂತೆ ಕೂರುತ್ತದೆ, ಸಂದಿಯಲ್ಲೆಲ್ಲ ನೀರು ಜಾರುತ್ತದೆ. ಬಾಯಿ ಕಟ್ಟದೆ ಅಡಿಗೆ ಮಡಚಿ, ಇಟ್ಟಿಗೆ ಕೆಲಸದಂತೆ ಸಂದು ತಪ್ಪಿಸಿ ಜೋಡಿಸಿ, ತುಳಿದು ಕೂರಿಸಬೇಕು. ಕಟ್ಟೆಯ ಬುಡದ ಅಗಲ ಎತ್ತರದ ಒಂದೂವರೆ ಪಟ್ಟಾದರೂ ಇರಲಿ. ಬಳೆಯೊಳಗೆ ನೀರು ನಿಂತಷ್ಟೂ ಅದರ ಭಾರ ಕೆಳಗಿನ ಒತ್ತಡವನ್ನು ಎದುರಿಸುತ್ತದೆ. ಹೊರಬರುವ ನೀರು ತಿಳಿಯಾದ ಮಟ್ಟಕ್ಕೆ ಕಟ್ಟೆ ನಿಲ್ಲಿಸಿ, ಏರಿಗೆ ಬೆನ್ನಾದ ಕಡೆ ನೀರು ಹರಿಯಲು ಒಂದು ದಾರಿ ಬಿಡಬೇಕು. ನೀರನ್ನು ಪೂರ್ತಿ ನಿಲ್ಲಿಸಹೊರಟರೆ ಕೆಲಸ ಕೆಟ್ಟಿತು.

ನೆತ್ತಿಯ ಮೇಲೆ ಚೀಲ ಪೇರಿಸಿ ಏರಿಯನ್ನು ಎತ್ತರಿಸುವ ಉತ್ಸಾಹಕ್ಕೂ ಇದೇ ಮಾತು. ಮೇಲೆ ಒಂದಡಿ ನೀರು ಹೆಚ್ಚು ತಡೆದರೆ ಬುಡದಲ್ಲಿ ಒಂದಡಿಯ ಒತ್ತಡ ಹೆಚ್ಚುತ್ತದೆ.

ನಮ್ಮ ಹಿರಿಯರು ಕೋಡಿ ಇಲ್ಲದೆ ಕೆರೆ ಕಟ್ಟಲಿಲ್ಲ. ಮಿಸಿಸಿಪ್ಪಿಯ ಎಂಜಿನಿಯರುಗಳು ಮಾತ್ರ 1927ರವರೆಗೆ ಏರಿಯೊಂದನ್ನೇ ನಂಬಿದ್ದರು. ಆ ವರ್ಷದ ನೆರೆ ಏರಿಗಳನ್ನು ಹತ್ತಾರು ಕಡೆ ಒಡೆಯಿತು. 1928ರ ಕಾಯ್ದೆ ಬಂದ ಮೇಲೆ ನದಿಗೂ ಕೋಡಿಗಳಾದವು. ನ್ಯೂ ಆರ್ಲಿಯನ್ಸ್‌ನ ಮೇಲ್ಭಾಗದ ಬಾನೆ ಕ್ಯಾರೆ ಕೋಡಿಗೆ 350 ಕಂಡಿಗಳು, ಕಂಡಿಗೆ 20ರಂತೆ 7,000 ಮರದ ತೊಲೆಗಳು. ಹಳಿಯ ಮೇಲೆ ಓಡುವ ಕ್ರೇನು ಅವನ್ನು ಎತ್ತಿಡುತ್ತದೆ. ಮುಚ್ಚಿದ್ದಾಗಲೂ ತೊಲೆಗಳ ಸಂದಿಯಲ್ಲಿ ನೀರು ಸೋರುತ್ತದೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಪೂರ್ತಿ ತೆರೆದರೆ ಎರಡೂವರೆ ಲಕ್ಷ ಕ್ಯೂಸೆಕ್. ಆಲಮಟ್ಟಿಯ ಸುದ್ದಿಯಲ್ಲಿ ಓದುವ ಅದೇ ಕ್ಯೂಸೆಕ್, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್.

ಕೈರೋದ ಎದುರಿಗೆ, ಮಿಸೌರಿ ರಾಜ್ಯದ ಬರ್ಡ್ಸ್ ಪಾಯಿಂಟ್‌ನಲ್ಲಿ ಗೇಟೂ ಇಲ್ಲ, ತೊಲೆಯೂ ಇಲ್ಲ. ಅಲ್ಲಿ ಏರಿಯನ್ನೇ ಸಿಡಿಸಬೇಕು. ಅದರ ಹಿಂದಿನ 1.3 ಲಕ್ಷ ಎಕರೆ ಹೊಲದ ಮೇಲೆ ನೀರು ನುಗ್ಗಿಸುವ ಹಕ್ಕನ್ನು ಸರ್ಕಾರ ಬಹಳ ಹಿಂದೆಯೇ ಕೊಂಡಿತ್ತು, ಆದರೆ 1937ರ ನಂತರ ಬಳಸಿರಲಿಲ್ಲ. ಅಷ್ಟರಲ್ಲಿ ಅಲ್ಲಿ ಮನೆಗಳೂ ಎದ್ದಿದ್ದವು. ಕೈರೋ ಅಳತೆಪಟ್ಟಿ 61 ಅಡಿ ಮುಟ್ಟಿ ಇನ್ನೂ ಏರುವಂತಿದ್ದರೆ ಸಿಡಿಸಬಹುದು ಎಂಬುದು ಮೊದಲೇ ಬರೆದಿಟ್ಟ ನಿಯಮ. 2011ರಲ್ಲಿ ಅದನ್ನು ತಡೆಯಲು ಮಿಸೌರಿ ರಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿತು. ಏರಿಯೊಳಗೆ ಮೊದಲೇ ಹುದುಗಿಸಿದ್ದ ಕೊಳವೆಗಳಿಗೆ ದ್ರವ ಸ್ಫೋಟಕವನ್ನು ಪಂಪ್ ಮಾಡಲಾಯಿತು. ನಡುವೆ ಸಿಡಿಲು ಬಂದು ಆ ಕೆಲಸವನ್ನು ನಿಲ್ಲಿಸಬೇಕಾಯಿತು. ಮಟ್ಟ 61.72 ಅಡಿಗೆ ಏರಿದಾಗ, ಮೇ 2ರ ರಾತ್ರಿ, ಸುಮಾರು ಎರಡು ಮೈಲಿ ಏರಿಯನ್ನು ಹಾರಿಸಿದರು. ಕೆಳತುದಿಯಲ್ಲೂ ಸಿಡಿಸಿ ನೀರು ನದಿಗೆ ಮರಳಲು ದಾರಿ ಮಾಡಿದರು. ಕೈರೋದಲ್ಲಿ ಮಟ್ಟ ಇಳಿಯಿತು. ಬುಗ್ಗೆಗೆ ಬಳೆ ಕಟ್ಟಿ ಒಳಗಿನ ನೀರು ಏರಿಸುವುದು, ಕೋಡಿ ತೆರೆದು ಹೊರಗಿನ ನೀರು ಇಳಿಸುವುದು, ಎರಡರಲ್ಲೂ ಲೆಕ್ಕ ಒಂದೇ: ಏರಿಯ ಎರಡು ಕಡೆಯ ನೀರಿನ ಅಂತರ ತಗ್ಗಬೇಕು.

ಗೇಟಿರುವ ಕಡೆ ಅವಸರ ಸಲ್ಲದು. ಲೂಯಿಸಿಯಾನದ ಮೊರ್ಗಾನ್ಜಾ ಕೋಡಿಯಲ್ಲಿ 125 ಗೇಟುಗಳಿವೆ. 2011ರ ಮೇ 14ರಂದು ತೆರೆದದ್ದು ಒಂದೇ ಒಂದು, ಒಟ್ಟಾರೆ ತೆರೆದದ್ದು 17. ಕೆಳಗಿನ ಜನರೂ ಕಾಡುಪ್ರಾಣಿಗಳೂ ಜಾಗ ಬಿಡಲು ಹೊತ್ತು ಬೇಕು. ಇನ್ನೊಂದು ಕಾರಣ, ಒಮ್ಮೆಲೇ ಧುಮುಕಿದ ನೀರು ಗೇಟಿನ ಬುಡವನ್ನೇ ಕೊರೆಯುತ್ತದೆ. 1973ರಲ್ಲಿ ಅಲ್ಲೇ ಸ್ವಲ್ಪ ಮೇಲಿನ ಓಲ್ಡ್ ರಿವರ್ ಎಂಬ ಗೇಟಿನ ಕಟ್ಟಡದ ಕೆಳಗೆ ಹೀಗೆ ನೆಲ ಕೊಚ್ಚಿಹೋಗಿ ಪಕ್ಕದ ಗೋಡೆಯೊಂದು ಕುಸಿದಿತ್ತು. ಕಟ್ಟಡ ಉಳಿದದ್ದೇ ಹೆಚ್ಚು.

ನೀರು ಇಳಿಯತೊಡಗಿದ ಕೂಡಲೇ ಕಾವಲಿನವರನ್ನು ಮನೆಗೆ ಕಳಿಸುವ ರೂಢಿ ಹಲವು ಕಡೆ ಇದೆ. ವಾರಗಟ್ಟಲೆ ನೆನೆದ ಏರಿಗೆ ಅಷ್ಟು ದಿನ ನದಿಯ ನೀರೇ ಒರಗು ಕೊಟ್ಟಿರುತ್ತದೆ. ನದಿ ಬೇಗ ಇಳಿದರೆ ಆ ಒರಗು ತಪ್ಪುತ್ತದೆ, ಒಳಗಿನ ನೀರು ಮಾತ್ರ ಬೇಗ ಬಸಿಯುವುದಿಲ್ಲ. ಆಗ ಜಾರುವುದು ನದಿಯ ಕಡೆಯ ಇಳಿಜಾರು. ಏರಿಯ ಮೇಲೆ ಉದ್ದಕ್ಕೆ ಬೆರಳು ತೂರುವಷ್ಟು ಬಿರುಕು ಕಂಡರೆ ಮೊದಲು ಲಾರಿ, ಟ್ರ್ಯಾಕ್ಟರ್ ಓಡಾಟ ನಿಲ್ಲಿಸಿ, ಮಳೆನೀರು ಒಳಗಿಳಿಯದಂತೆ ಟಾರ್ಪಾಲು ಹೊದಿಸಿ, ಎರಡೂ ತುದಿಗೆ ಗೂಟ ಹೊಡೆದು ದಿನವೂ ಅಳೆಯಿರಿ.